ಎಳೆ ಹರಿದಾಗ ಜರುಗಿದ ಸಾಲು

ಎರಡು ವರ್ಷದ ಹಿಂದಿನ ಮಾತು. ಪವರ್‌ಲೂಮ್‌ಗಳಿಗೆ ಜಕಾರ್ಡ್ ಕಂಟ್ರೋಲರ್ ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೆ; ಜಮಖಂಡಿಯ ಮನೆಯಿಂದಲೇ ಕೆಲಸ. ಸೀರೆಯ ಡಿಸೈನನ್ನು ಸಾಲು ಸಾಲಾಗಿ ಮಗ್ಗಕ್ಕೆ ಕಳಿಸುವ ಡಬ್ಬಿ ಈ ಕಂಟ್ರೋಲರ್. ಅದರೊಳಗೆ ಪುಟ್ಟ ಕಂಪ್ಯೂಟರ್ ಇರುತ್ತದೆ. ಅದರ ಆಪರೇಟಿಂಗ್ ಸಿಸ್ಟಮ್‌ನ ತಿರುಳೇ ಕರ್ನೆಲ್. ಅದಕ್ಕೆ ಬೇರೆ ಬೇರೆ ದೇಶಗಳ ಎಂಜಿನಿಯರ್‌ಗಳು ತಿದ್ದುಪಡಿ, ಅಂದರೆ ಪ್ಯಾಚ್, ಕಳಿಸುತ್ತಿರುತ್ತಾರೆ. ಪರಿಶೀಲನೆ ಮುಗಿದು ಮರ್ಜ್ ಆಗಿ ಕರ್ನೆಲ್‌ಗೆ ಸೇರಿತೆಂದರೆ ಅದು ಎಲ್ಲರ ಯಂತ್ರಕ್ಕೂ ಹೋಗುತ್ತದೆ.

ನಮ್ಮ ಡಬ್ಬಿಗಳಿಗೆ ಹೊಸ ಕರ್ನೆಲ್ ಹಾಕಿದ ವಾರದಲ್ಲೇ ಬನಹಟ್ಟಿಯ ಮಗ್ಗಗಳ ಮಾಲೀಕ ಶಿವಲಿಂಗಪ್ಪನವರ ಫೋನು ಬಂತು.

"ಅಕ್ಕಾರ, ಸೆರಗಿನ್ಯಾಗ ನವಿಲಿನ ಕುತ್ತಿಗಿ ಮುರದಂಗ ಕಾಣಾಕತ್ತೈತ್ರಿ. ಮದುವಿ ಸೀರಿ ಅದಾವ. ಹಿಂಗ ಕೊಟ್ರ ಯಾರ ಉಡತಾರ?"

ಹೋಗಿ ನೋಡಿದೆ. ಒಂದು ಮಗ್ಗದಲ್ಲಿ ಡಿಸೈನ್ ಒಂದು ಸಾಲು ಜರುಗಿತ್ತು. ಪಕ್ಕದ ಮಗ್ಗದಲ್ಲಿ ಅದೇ ಫೈಲು, ಅದೇ ಬಗೆಯ ಡಬ್ಬಿ, ನೇಯ್ಗೆ ಮಾತ್ರ ಸರಿ. ಡಬ್ಬಿಗಳನ್ನು ಅದಲುಬದಲು ಮಾಡಿದೆ, ಎರಡೂ ಸರಿಹೋದವು. ಚಹಾ ಕುಡಿದು ಬರುವಷ್ಟರಲ್ಲಿ ಎರಡೂ ಕೆಟ್ಟಿದ್ದವು.

"ಏನರ ತಿಳೀತೇನ್ರಿ?"

"ಇಲ್ರೀ ಕಾಕಾರ, ಒಂದೂ ತಿಳೀವಲ್ದು."

ಮರುದಿನ ಒಂದೇ ಮಗ್ಗದ ಮುಂದೆ ಕುಳಿತೆ. ಎಳೆ ಹರಿದರೆ ಮಗ್ಗ ನಿಲ್ಲುತ್ತದೆ. ಗಂಟು ಹಾಕಿ ಮತ್ತೆ ಶುರು ಮಾಡುತ್ತಾರೆ. ಹಾಗೆ ಶುರುವಾದಾಗಲೆಲ್ಲ ಒಂದು ಸಾಲು ಮಾಯವಾಗುತ್ತಿತ್ತು. ನನ್ನ ಮೇಜಿನ ಮೇಲೆ ಹರಿಯುವ ಎಳೆಯೇ ಇರಲಿಲ್ಲ, ಹಾಗಾಗಿ ಅಲ್ಲಿನ ಪರೀಕ್ಷೆಗಳೆಲ್ಲ ಪಾಸಾಗಿದ್ದವು.

ಹಳೆಯ ಕರ್ನೆಲ್ ಹಾಕಿದೆ. ನೇಯ್ಗೆ ಸರಿಯಾಯಿತು. ನಮ್ಮ ಮ್ಯಾನೇಜರು, "ಹಳೇದ ಇರಲಿ ಬಿಡ್ರಿ, ನಮ್ಮ ಕೆಲಸ ಆತಲ್ಲ" ಎಂದರು. ಆದರೆ ಹಳೆಯದರಲ್ಲಿ ಭದ್ರತೆಯ ದೋಷಗಳಿದ್ದವು. ಹೊಸದನ್ನು ಹಾಕಿಕೊಂಡ ಇನ್ನೆಷ್ಟು ಯಂತ್ರಗಳು ಸದ್ದಿಲ್ಲದೆ ಮಾಹಿತಿ ಕಳೆದುಕೊಳ್ಳುತ್ತಿದ್ದವೋ ಯಾರಿಗೆ ಗೊತ್ತು? ಎರಡು ಕರ್ನೆಲ್‌ಗಳ ನಡುವಿನ ಬದಲಾವಣೆಗಳನ್ನು ಅರ್ಧರ್ಧ ಮಾಡಿ ಪರೀಕ್ಷಿಸುತ್ತ ಹೋದೆ. ಕೊನೆಗೆ ಒಂದು ಪ್ಯಾಚ್ ಸಿಕ್ಕಿತು. ಎಳೆ ಹರಿದು ನಿಂತ ಮಗ್ಗದ ಹಾಗೆ ಎದುರಿನ ಯಂತ್ರ 'ತಡಿ' ಎಂದರೆ, ಕಳಿಸಲು ಕಾದಿದ್ದ ಮಾಹಿತಿಯನ್ನು ಅದು ಚೆಲ್ಲಿಬಿಡುತ್ತಿತ್ತು. ಅದನ್ನು ವಾಪಸ್ ತೆಗೆಯಿರಿ ಎಂದು ಕರ್ನೆಲ್ ನೋಡಿಕೊಳ್ಳುವವರಿಗೆ ಇಮೇಲ್ ಬರೆದೆ.

ಪ್ಯಾಚ್ ಬರೆದವನು ಬೇರೆ ದೇಶದ ಎಂಜಿನಿಯರ್. ಅವನ ಉತ್ತರ ಬಂತು: "ದಯವಿಟ್ಟು ತೆಗೆಸಬೇಡಿ. ನಾವು ಆಸ್ಪತ್ರೆಗಳಿಗೆ ರೋಗಿಯ ನಾಡಿ ತೋರಿಸುವ ಮಾನಿಟರ್ ಮಾಡುತ್ತೇವೆ. ಈ ಪ್ಯಾಚ್ ಇಲ್ಲದಿದ್ದರೆ ವೈರು ಕಳಚಿದ ಕೂಡಲೇ, ಹೋಗದ ಮಾಹಿತಿಗಾಗಿ ಕಾಯುತ್ತ ಮಾನಿಟರ್ ಸ್ತಬ್ಧವಾಗುತ್ತದೆ."

ನನ್ನ ದೂರು ಸುಳ್ಳಲ್ಲ, ಅವನ ಕಷ್ಟವೂ ಸುಳ್ಳಲ್ಲ. ಸೀರೆಯನ್ನೂ ರೋಗಿಯನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ಇಡುವುದು?

ಇಮೇಲ್‌ನಲ್ಲೇ ಇಬ್ಬರೂ ಸೇರಿ ಹೊಸ ಪ್ಯಾಚ್ ಬರೆಯಲು ಕುಳಿತೆವು. ಮೊದಲ ಪ್ರಯತ್ನದಲ್ಲಿ ನನ್ನ ಮಗ್ಗ ಸರಿಯಾಯಿತು, ಅವನ ಮಾನಿಟರ್ ನಿಂತಿತು. ಎರಡನೆಯದರಲ್ಲಿ, ವೈರು ಕಳಚಿದ್ದಕ್ಕೂ ಸುಮ್ಮನೆ 'ತಡಿ' ಎಂದದ್ದಕ್ಕೂ ವ್ಯತ್ಯಾಸ ತಿಳಿಯುವ ಹಾಗೆ ಬರೆದೆವು. ಅವನು ತನ್ನ ಲ್ಯಾಬಿನಲ್ಲಿ ವೈರು ಎಳೆದ. ನಾನು ಬನಹಟ್ಟಿಯಲ್ಲಿ ಶಿವಲಿಂಗಪ್ಪನವರ ಕೈಗೆ ಕತ್ತರಿ ಕೊಟ್ಟೆ.

"ಬೇಕಂತ ಎಳಿ ಕತ್ತರಿಸೂದಾ? ಜಲ್ಮದಾಗ ಮಾಡಿಲ್ರಿ ನಾ," ಎನ್ನುತ್ತಲೇ ಕತ್ತರಿಸಿದರು. ಗಂಟು ಹಾಕಿ, ಮಗ್ಗ ಶುರು ಮಾಡಿ, ಮತ್ತೆ ಕತ್ತರಿಸಿದರು. ನವಿಲಿನ ಕುತ್ತಿಗೆ ನೆಟ್ಟಗೆ ಇಳಿದು ಬಂತು. ಆಗ ಆಸ್ಪತ್ರೆಯ ವಿಷಯ ಹೇಳಿದೆ. ಅವರು ಬಟ್ಟೆಯ ಮೇಲಿಂದ ಕೈ ತೆಗೆದರು.

"ಅಲ್ಲೀದೂ ಛಲೋ ನಡದೈತೇನ್ರಿ?"

ಆ ಎಂಜಿನಿಯರನ ಉತ್ತರ ಇನ್ನೂ ಬಂದಿರಲಿಲ್ಲ. ಇಬ್ಬರೂ ಫೋನು ನೋಡುತ್ತ ಕುಳಿತೆವು. ಬಂತು: ನಡೆದಿದೆ.

ಆ ಎಂಜಿನಿಯರನ ಮತ್ತು ನನ್ನ ಹೆಸರಿನಲ್ಲಿ ಆ ತಿದ್ದುಪಡಿ ಮರ್ಜ್ ಆಯಿತು. ಎರಡನೆಯ ಪ್ರಯತ್ನವೂ ಸೋತಿದ್ದರೆ ಯಾರ ಪರ ನಿಲ್ಲುತ್ತಿದ್ದೆನೋ, ನನಗೆ ಇಂದಿಗೂ ಗೊತ್ತಿಲ್ಲ. ಈಗ ಯಾವ ಪ್ಯಾಚಿನಲ್ಲಿ ತಪ್ಪು ಕಂಡರೂ ಬರೆದವರನ್ನು ಮೊದಲು ಕೇಳುವುದು ಒಂದೇ: ಇದನ್ನು ತೆಗೆದರೆ ನಿಮ್ಮ ಕಡೆ ಏನು ನಿಲ್ಲುತ್ತದೆ?