ಬ್ಯಾಟರಿ ತುಂಬಿದೆ

ಯಲಹಂಕದ ನಮ್ಮ ಮನೆಯ ಸೋಲಾರ್ ಬ್ಯಾಟರಿ ಈಗ ತನ್ನ ಸಮಾಚಾರವನ್ನು ತಾನೇ ಮೊಬೈಲಿಗೆ ಕಳಿಸುತ್ತದೆ. ಇವತ್ತು ಮಧ್ಯಾಹ್ನ ‘ತುಂಬಿದೆ’ ಎಂದಿತು. ಆ ಮಾತನ್ನು ನಾನು ಸುಲಭಕ್ಕೆ ನಂಬುವವನಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ಎಂಬತ್ತರ ದಶಕದಲ್ಲಿ ಕಾಲೇಜು ಓದಲು ಇಲ್ಲೇ ಪಕ್ಕದ ಕೋಗಿಲು ಹಳ್ಳಿಯ ಸೋದರತ್ತೆಯ ಮನೆಯಲ್ಲಿದ್ದೆ. ಮಾವ ತಮ್ಮ ಕಾರ್ಖಾನೆಯಲ್ಲಿ ಪ್ರಯೋಗ ಮುಗಿದು ಮೂಲೆ ಸೇರಿದ್ದ ಸೋಲಾರ್ ಹಲಗೆಯೊಂದನ್ನು ಕೇಳಿ ತಂದು ತಾರಸಿಗೆ ಏರಿಸಿದ್ದರು. ಕೆಳಗೆ ಉಗ್ರಾಣದಲ್ಲಿ, ಅಕ್ಕಿ ಡಬ್ಬದ ಪಕ್ಕ, ಲಾರಿಯ ಬ್ಯಾಟರಿ. ಡಬ್ಬ ನೀಲಿ ಬಣ್ಣದ್ದೆಂದು ಬರೆಯಲು ಕೈ ತುರಿಸುತ್ತಿದೆ. ನೆನಪಿಗೆ ಬಣ್ಣ ಬಳಿಯುವ ಚಟ, ಬಿಡಿ. ಬ್ಯಾಟರಿ ತುಂಬಿದ ಕೂಡಲೇ ಹಲಗೆಯ ತಂತಿ ಕಳಚಬೇಕು, ಇಲ್ಲದಿದ್ದರೆ ಒಳಗಿನ ನೀರು ಕುದ್ದು ಬ್ಯಾಟರಿ ಹಾಳು. ಕಳಚುವ ಅಧಿಕಾರ ವಿಜ್ಞಾನದ ವಿದ್ಯಾರ್ಥಿಯಾದ ನನ್ನದು.

ಅತ್ತೆ ಊರ ಹೆಂಗಸರಿಗೆ ಸಂಜೆ ಅಕ್ಷರ ಕಲಿಸಲು ಹೊರಟಿದ್ದರು. ಕರೆಂಟು ಸಂಜೆಯೇ ಕೈಕೊಡುತ್ತಿತ್ತು. ‘ಬೆಳಕಿದ್ರೆ ಕಳಿಸ್ತೀವಿ, ಕತ್ಲಾಗೆ ಕಳ್ಸಾಕಿಲ್ಲ’ ಎಂದು ಅವರ ಮನೆಗಳ ಹಿರಿಯರು ಹೇಳಿಬಿಟ್ಟಿದ್ದರು.

ಮೊದಲ ಪಾಠದ ದಿನ ಬೆಳಿಗ್ಗೆ ಬ್ಯಾಟರಿಯ ಬಲ್ಬು ಹಾಕಿ ನೋಡಿದ ಅತ್ತೆ ಉಗ್ರಾಣದಿಂದ ಕೂಗಿದರು: ‘ಬ್ಯಾಟರಿ ತುಂಬಿದೆ ಕಣೋ, ನೋಡ್ಕೋ!’

ಓಡಿಹೋಗಿ ತಂತಿ ಕಳಚಿದೆ. ಇಡೀ ದಿನದ ಬಿಸಿಲು ಹಲಗೆಯ ಮೇಲೆ ದಂಡಕ್ಕೆ ಬಿತ್ತು.

ಸಂಜೆ ಹೆಂಗಸರು ಚಾಪೆ ತುಂಬ ಕೂತರು. ಸ್ವಿಚ್ ಒತ್ತಿದರೆ ಬಲ್ಬು ಬೀಡಿಯ ತುದಿಯಷ್ಟು ಕೆಂಪಾಗಿ ಸುಮ್ಮನಾಯಿತು.

‘ತುಂಬಿದೆ ಅಂದ್ರಲ್ಲ ಅತ್ತೆ!’

‘ಹೂಂ, ಅದಕ್ಕೇ ನೋಡ್ಕೋ ಅಂದಿದ್ದು. ಅಕ್ಕಿ ತುಂಬಿದೆ ಅಂದ್ರೆ ಚೀಲ ಹಿಡ್ಕೊಂಡು ಅಂಗಡಿಗೆ ಓಡ್ತೀಯಲ್ಲ, ಇದ್ಯಾಕೋ ಗೊತ್ತಾಗ್ಲಿಲ್ಲ?’

ಅಕ್ಕಿ, ಎಣ್ಣೆ, ಕುಂಕುಮ ಯಾವುದೂ ನಮ್ಮ ಮನೆಯಲ್ಲಿ ಮುಗಿಯುತ್ತಿರಲಿಲ್ಲ, ‘ತುಂಬುತ್ತಿತ್ತು’. ಮುಗಿಯಿತೆಂದರೆ ಅಶುಭ. ದೀಪ ಉರಿಸುವ ಬ್ಯಾಟರಿಗೂ ಅತ್ತೆ ಅದೇ ಮರ್ಯಾದೆ ಕೊಟ್ಟಿದ್ದರು. ನಾನು ತಪ್ಪು ಮಾಡಿದೆನೆಂದು ಇವತ್ತಿಗೂ ಒಪ್ಪುವುದಿಲ್ಲ, ನೀವೇ ಹೇಳಿ.

‘ಕಾಲೇಜ್ ಓದೋರ್ಗೇ ಇಂಗಾದ್ರೆ ನಮ್ ಗತಿ ಏನವ್ವಾ?’ ಎಂದಳು ಚಾಪೆಯ ಮೇಲಿದ್ದ ಮುನಿಯಮ್ಮ. ಎಲ್ಲರೂ ನಕ್ಕರು. ಆದರೆ ನಗುತ್ತಲೇ ಒಬ್ಬಳು ಸೆರಗು ಸರಿಮಾಡಿಕೊಂಡು ಎದ್ದಳು. ಅವಳು ಹೊಸಿಲು ದಾಟಿದರೆ ನಾಳೆ ಯಾರೂ ಬರುವುದಿಲ್ಲ.

‘ಕೂತ್ಕೊಳೇ’ ಎಂದ ಅತ್ತೆ ದೇವರ ಮನೆಯ ದೀಪ ತಂದಿಟ್ಟು, ಸ್ಲೇಟಿನ ಮೇಲೆ ದಪ್ಪಗೆ ಎರಡಕ್ಷರ ಬರೆದರು: ಖಾಲಿ.

‘ಓದಿ ಹೇಳೋ ಇವರಿಗೆ. ನನ್ ಬಾಯಲ್ಲಿ ಬರಲ್ಲ.’

ಓದಿದೆ. ‘ಕಾಲಿ!’ ಎಂದು ಚಾಪೆ ಒಟ್ಟಿಗೆ ಕೂಗಿತು, ಎದ್ದವಳೂ ಸೇರಿ. ಮರುದಿನದಿಂದ ಆ ಸ್ಲೇಟು ಬ್ಯಾಟರಿಯ ಮೇಲಿತ್ತು. ಖಾಲಿಯಾದಾಗ ಅತ್ತೆ ಬಾಯಿ ಬಿಡದೆ ಅದನ್ನು ನನ್ನ ಕಡೆ ತಿರುಗಿಸುತ್ತಿದ್ದರು. ಪಾಠ ನಿಲ್ಲಲಿಲ್ಲ.

ಇಷ್ಟು ಬರೆದು, ಎದ್ದುಹೋಗಿ ಬಲ್ಬು ಹಾಕಿ ನೋಡಿದೆ. ಮೊಬೈಲು ಹೇಳಿದ್ದು ನಿಜ, ಬೆಳಕು ಝಗ್ಗೆಂದಿತು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ: ‘ರೀ, ಸಕ್ಕರೆ ತುಂಬಿದೆ.’

ಚೀಲ ಹುಡುಕುತ್ತಿದ್ದೇನೆ.