ಪೋಲೆಂಡಿನ ಗ್ಲೈಡರಿನಲ್ಲಿ ಮೊದಲ ಸುತ್ತು

ಕಾರ್ಕಳದ ಮೈದಾನದಲ್ಲಿ ಎಂಜಿನ್ ಇಲ್ಲದ ವಿಮಾನ, ಅಂದರೆ ಗ್ಲೈಡರ್, ಹಾರಿಸಲು ಕಲಿಸುತ್ತಿದ್ದಾಗ ನನ್ನದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಮುನ್ನೂರು ಅಡಿಗಿಂತ ಕೆಳಗಿದ್ದರೆ ತಿರುಗಬಾರದು, ನೇರ ಇಳಿಯಬೇಕು. 1980ರ ಸುಮಾರಿಗೆ ಪೋಲೆಂಡಿನಿಂದ ಹೊಸ ಗ್ಲೈಡರ್ ಬಂತು. ಮೊದಲ ಹಾರಾಟದಲ್ಲೇ ಎತ್ತರ ತೋರಿಸುವ ಮುಳ್ಳು ಇನ್ನೂರೈವತ್ತರಲ್ಲಿ ನಿಂತಿತು. "ನೇರ ಇಳಿಸು" ಎಂದು ಹಿಂದಿನ ಸೀಟಿನಿಂದ ಗದರಿದೆ.

ಮುಂದೆ ಕೂತಿದ್ದ ಕಾಪುವಿನ ವಿದ್ಯಾರ್ಥಿ ಹಮೀದ್ ಮೆತ್ತಗೆ ಹೇಳಿದ: "ನೇರ ಹೋದರೆ ಮೈದಾನ ದಾಟಿ ಕಲ್ಲುಕೋರೆಗೆ ಬೀಳ್ತೇವೆ ಸರ್. ಕೆಳಗೆ ತೆಂಗಿನಮರಗಳು ಕೊತ್ತಂಬರಿ ಸೊಪ್ಪಿನ ಹಾಗೆ ಕಾಣ್ತಾ ಉಂಟು. ಇದು ಅಡಿ ಅಲ್ಲ, ಮೀಟರ್ ಅಲ್ವಾ?"

ಮೀಟರೇ. ನಾವು ಎಂಟುನೂರು ಅಡಿ ಮೇಲಿದ್ದೆವು. ಅವನು ನಿಧಾನವಾಗಿ ತಿರುಗಿಸಿದ. ವಿದ್ಯಾರ್ಥಿಗಳೆದುರು ಎಂದೂ ನಗದ ನಾನು ನೆಲ ಮುಟ್ಟುವವರೆಗೂ ನಕ್ಕೆ.

ವರದಿಯಲ್ಲಿ ಹಮೀದನ ಹೆಸರಿನೆದುರು 'ಉತ್ತಮ' ಎಂದು ಬರೆದೆ. ಬೋಧಕರಿಗೆ ಅಂಕ ಕೊಡುವ ಕಾಲಮ್ಮು ಆ ಫಾರಮ್ಮಿನಲ್ಲಿ ಇರಲಿಲ್ಲ, ಪುಣ್ಯ.