ಸೀಸೆಯ ಮುಚ್ಚಳ ಮತ್ತು ಹದಿನಾಲ್ಕು ತಿಂಗಳು

ಹನ್ನೊಂದನೆಯ ಸೀಸೆಗೆ ಫಾರ್ಮಲಿನ್ ಔಷಧಿ ಸುರಿಯುವಾಗ ಕಣ್ಣು ಉರಿದು ಆಕೆ ಮುಖ ತಿರುಗಿಸುತ್ತಾರೆ. ಕೈ ಮಾತ್ರ ಅಲ್ಲಾಡುವುದಿಲ್ಲ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಎರಡನೇ ಮಹಡಿಯ ಈ ಕೋಣೆಯಲ್ಲಿ ರೋಗಿಗಳು ಬರುವ ಮೊದಲು ಇಪ್ಪತ್ತೆರಡು ಸೀಸೆ ಸಿದ್ಧವಾಗಬೇಕು.

"ಗಂಟಿನ ಚೂರು ಎಷ್ಟಿದೆಯೋ ಅದರ ಹತ್ತು ಪಟ್ಟು ಔಷಧಿ ಇರ್ಬೇಕು. ಇಲ್ದಿದ್ರೆ ಕೊಳೆಯುತ್ತೆ. ಆಮೇಲೆ ಡಾಕ್ಟ್ರು ಏನು ನೋಡ್ತಾರೆ, ನನ್ನ ಮುಖಾನಾ?" ಎನ್ನುತ್ತಾರೆ.

ಮೈಯೊಳಗಿನ ಗಂಟು ಎಂಥದ್ದೆಂದು ತಿಳಿಯಲು ಅದರ ಚೂರು ತೆಗೆಯುವ ಕೋಣೆ ಇದು. ತೆಗೆಯುವವರು ವೈದ್ಯರು. ಚೂರು ಪ್ರಯೋಗಾಲಯ ಸೇರುವವರೆಗಿನ ಹೊಣೆ ಈ ಸಹಾಯಕಿಯದು. ವಯಸ್ಸು ಐವತ್ತೊಂದು. ಗಂಡ ತೀರಿಕೊಂಡ ಮೇಲೆ ನೆಲ ಒರೆಸಲು ಬಂದವರು, ನೋಡಿ ನೋಡಿಯೇ ಈ ಕೆಲಸ ಕಲಿತರು. ಹತ್ತೊಂಬತ್ತು ವರ್ಷವಾದರೂ ಕೆಲಸ ಕಾಯಂ ಆಗಿಲ್ಲ. ವರ್ಷಕ್ಕೊಮ್ಮೆ ಕರಾರಿಗೆ ಸಹಿ ಬೀಳಬೇಕು.

ಮೊದಲ ರೋಗಿ ಮಂಚದ ಅಂಚು ಬಿಗಿಹಿಡಿದು ಮಲಗಿದ್ದಾನೆ. ವೈದ್ಯರು ಮರಗಟ್ಟಿಸುವ ಮದ್ದು ಚುಚ್ಚಿ, ದಪ್ಪ ಸೂಜಿ ಕೈಗೆತ್ತಿಕೊಳ್ಳುತ್ತಾರೆ.

"ಅಣ್ಣಾ, ಟಕ್ ಅಂತ ಸದ್ದು ಬರುತ್ತೆ. ಅದು ಸೂಜೀದು, ನಿಮ್ಮ ಮೂಳೇದಲ್ಲ. ಅಲ್ಲಾಡ್ಬೇಡಿ."

"ಟಕ್ ಅಂದ್ಮೇಲೆ?"

"ಅಂದ್ಮೇಲೆ ನನ್ನನ್ನ ಎಷ್ಟು ಬೇಕಾದ್ರೂ ಬೈಕೊಳ್ಳಿ."

ಅವನು ನಗುವಷ್ಟರಲ್ಲಿ ಸದ್ದು ಮುಗಿದಿರುತ್ತದೆ. ಸಿಬ್ಬಂದಿಯೆಲ್ಲ ಈಕೆಯನ್ನು 'ಟಕ್ಕಕ್ಕ' ಎಂದು ಕರೆಯುವುದು ಇದಕ್ಕೇ. ನೂಲಿನೆಳೆಯಂಥ ಎರಡು ಚೂರು ಸೀಸೆಗಿಳಿಯುತ್ತವೆ. ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಅವನ ಕಣ್ಣೆದುರೇ ಚೀಟಿಯನ್ನು ಸೀಸೆಗೆ ಅಂಟಿಸುತ್ತಾರೆ, ಮುಚ್ಚಳಕ್ಕಲ್ಲ.

"ಮೊದಲು ನಾನೂ ಮುಚ್ಚಳಕ್ಕೇ ಅಂಟಿಸ್ತಿದ್ದೆ," ಎಂದು ಕೈ ತೊಳೆಯುತ್ತಾ ಹೇಳುತ್ತಾರೆ. ಹದಿನಾಲ್ಕು ತಿಂಗಳ ಹಿಂದೆ ಇಬ್ಬರು ಹೆಂಗಸರ ಸೀಸೆಗಳಲ್ಲಿ ಔಷಧಿ ಕಡಿಮೆಯಿತ್ತು. ಈಕೆ ಎರಡನ್ನೂ ಒಟ್ಟಿಗೆ ತೆರೆದು ತುಂಬಿಸಿದರು. ಮುಚ್ಚುವಾಗ ಯಾರ ಮುಚ್ಚಳ ಯಾವುದಕ್ಕೆ ಎಂದು ತಿಳಿಯಲಿಲ್ಲ. ಎರಡರಲ್ಲೂ ಎರಡೆರಡೇ ಎಳೆ.

"ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ಕಾಯಿಲೆ ಒಬ್ಬರದು, ಕತ್ತರಿ ಇನ್ನೊಬ್ಬರಿಗೆ ಬಿದ್ದಿದ್ರೆ? ಹೋಗಿ ಹೇಳ್ಬಿಟ್ಟೆ."

ಇಬ್ಬರಿಗೂ ಮತ್ತೆ ಚುಚ್ಚಬೇಕಾಯಿತು. ವೈದ್ಯರು ಕನಿಕರಪಟ್ಟು, 'ಚೂರು ಸಾಲಲಿಲ್ಲ' ಎಂದಷ್ಟೇ ಬರೆದು ವಿಷಯ ಮುಗಿಸಿದರು. ಈಕೆಗೆ ಮುಗಿಯಲಿಲ್ಲ. ಚೂರು ತೆಗೆಯುವ ಉಳಿದ ನಾಲ್ಕು ಕೋಣೆಗಳಲ್ಲಿ ಚೀಟಿ ಇನ್ನೂ ಮುಚ್ಚಳದ ಮೇಲೆಯೇ ಇತ್ತು. ತನ್ನ ತಪ್ಪನ್ನು ಹೇಳಿ, ಚೀಟಿ ಸೀಸೆಗೇ ಅಂಟಿಸಬೇಕೆಂಬ ನಿಯಮ ಮಾಡಿ ಎಂದು ಆ ವಾರವೇ ಮೇಲಧಿಕಾರಿಗೆ ಪತ್ರ ಬರೆದರು. ಕಳಿಸಲು ಧೈರ್ಯ ಬರಲಿಲ್ಲ.

"ಕರಾರಿಗೆ ಸಹಿ ಬೀಳೋವರೆಗಾದ್ರೂ ತಡಿ ಅಮ್ಮ ಅಂದ್ಲು ಮಗಳು. ಸಹಿ ಬಿತ್ತು, ಮುಂದಿನ ವರ್ಷದ ಭಯ ಶುರುವಾಯ್ತು. ನಿನ್ನ ತಪ್ಪು ಬಿಟ್ಟು ಬರಿ ಅಂದ್ರು ನರ್ಸಮ್ಮ. ಕಾರಣಾನೇ ಹೇಳ್ದಿದ್ರೆ ನಿಯಮ ಯಾರು ಮಾಡ್ತಾರೆ?"

ಈ ಸೋಮವಾರ ಎದುರು ಕೋಣೆಗೆ ಹತ್ತಿಯ ಉಂಡೆ ಕೇಳಲು ಹೋದಾಗ, ಮೇಜಿನ ಮೇಲೆ ಎರಡು ಸೀಸೆ ಬಾಯಿ ತೆರೆದು ಕೂತಿದ್ದವು. ಪಕ್ಕದಲ್ಲಿ ಹೆಸರು ಹೊತ್ತ ಎರಡು ಮುಚ್ಚಳ. "ಮುಟ್ಬೇಡಿ!" ಎಂದು ಈಕೆ ಕೂಗಿದರಂತೆ. ಅದೃಷ್ಟಕ್ಕೆ ಅಲ್ಲಿನವರಿಗೆ ಯಾವುದು ಯಾರದೆಂದು ನೆನಪಿತ್ತು.

ಇಂದು ಊಟದ ಬಿಡುವಿನಲ್ಲಿ ಟಕ್ಕಕ್ಕ ಮೆಟ್ಟಿಲಿಳಿದು ಕಚೇರಿಗೆ ಹೋಗುತ್ತಾರೆ. ಕೈಯಲ್ಲಿರುವ ಅದೇ ಪತ್ರದಲ್ಲಿ ಹಳೆಯ ದಿನಾಂಕ ಹೊಡೆದು ಹೊಸದು ಹಾಕಿದ್ದಾರೆ. ಉಳಿದ ಒಂದಕ್ಷರವನ್ನೂ ಬದಲಿಸಿಲ್ಲ. ಪತ್ರ ತೆಗೆದುಕೊಳ್ಳುವ ಗುಮಾಸ್ತ ಮೇಲಿನೆರಡು ಸಾಲು ಓದಿ ತಲೆಯೆತ್ತುತ್ತಾನೆ.

"ಯಾರ ಮೇಲಕ್ಕಾ ದೂರು?"

"ನನ್ನ ಮೇಲೆ. ಸೀಲು ಹಾಕಪ್ಪ."